ಬೋರಲಗುಡ್ಡಕ್ಕೆ ಆ ಹೆಸರು ಬಂದದ್ದು

ಕರೇಕಲ್ಲಹಟ್ಟಿಯಿಂದ ಗಣಿ ರಸ್ತೆ ಹಿಡಿದು ಹೋದರೆ ಬಲಕ್ಕೆ ಕಾಣುವುದೇ ಬೋರಲಗುಡ್ಡ. ಅದರ ಮೂಡಣ ಮೈಮೇಲೆ ಮೊಣಕಾಲುದ್ದ ಹುಲ್ಲು. ಪಡುವಣ ಮೈ ಬರೀ ಕೆಂಪು ಕಲ್ಲು. ಒಂದೇ ಮಳೆ ಬೀಳುವ ಗುಡ್ಡಕ್ಕೆ ಎರಡು ಬಗೆಯ ಮೈ ಹೇಗೆ ಬಂತು ಎಂದು ಕೇಳುವವರು ಈಗ ಕಡಿಮೆ. ಪಕ್ಕದ ಅದಿರು ಗಣಿಯವರು ಹೋದ ವರ್ಷ ತಮ್ಮ ಗುಂಡಿ ಮುಚ್ಚಿ ಇಲ್ಲಿ ‘ಹಸಿರುಗುಡ್ಡ’ ಎಂದು ಫಲಕ ನೆಟ್ಟ ಮೇಲಂತೂ ಹಳೆಯ ಹೆಸರೇ ಮರೆಯಾಗುತ್ತಿದೆ. ನಮ್ಮ ಮನೆತನದ ಹಿರಿಯರಿಂದ ಕೇಳಿದ್ದನ್ನು ಸುತ್ತಲ ಮೂರು ಹಟ್ಟಿಗಳ ಮುದುಕರ ಮಾತಿನೊಡನೆ ತಾಳೆ ನೋಡಿ, ಹೊಂದಿದಷ್ಟನ್ನು ಮಾತ್ರ ಇಲ್ಲಿ ಬರೆದಿದ್ದೇನೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಗುಡ್ಡ ಕುರಿಗಾರರ ಹುಲ್ಲುಗಾವಲಾಗಿತ್ತು. ಕತ್ತಿ, ಈಟಿಗಳಿಗೆ ಕಬ್ಬಿಣ ಬೇಕೆಂದು ಪಾಳೆಯಗಾರನ ಆಳುಗಳು ಬಂದು ಅದನ್ನು ನೆತ್ತಿಯಿಂದ ಹೊಟ್ಟೆಯವರೆಗೆ ಅಗೆದರು. ಮೇಲಿನ ಕಪ್ಪು ಮಣ್ಣನ್ನು ಒಂದು ಕಡೆ, ಒಳಗಿನ ಕಲ್ಲನ್ನು ಇನ್ನೊಂದು ಕಡೆ ರಾಶಿ ಹಾಕಿ, ಅದಿರು ತೀರಿದ ಮೇಲೆ ಗುಂಡಿಯನ್ನು ಹಾಗೇ ಬಿಟ್ಟು ಹೊರಟುಹೋದರು. ಹಟ್ಟಿಯವರಿಗೆ ಗುಡ್ಡವೆಂದರೆ ಮನೆಯ ಹಿರಿಯಳು. ಯಜಮಾನ ಗಾದ್ಯಪ್ಪನ ಮಾತಿನಂತೆ ಎಲ್ಲರೂ ಸೇರಿ, ತೀರಿಕೊಂಡವರಿಗೆ ಮಣ್ಣು ಕೊಡುವ ಕ್ರಮದಲ್ಲೇ ಗುಂಡಿ ಮುಚ್ಚಿದರು. ಮೈಗೆ ತಾಗುವಂತೆ ಮೊದಲು ಮೆತ್ತನೆಯ ಕಪ್ಪು ಮಣ್ಣು, ನರಿ ಕೆದಕದಂತೆ ಅದರ ಮೇಲೆ ಕಲ್ಲು. ಭಕ್ತಿಗೇನೂ ಕೊರತೆ ಇರಲಿಲ್ಲ. ಆದರೆ ಎರಡು ಮಳೆಗಾಲ ಕಳೆದರೂ ಗುಡ್ಡದಲ್ಲಿ ಒಂದು ಗರಿಕೆ ಏಳಲಿಲ್ಲ. ಕುರಿಮರಿಗಳು ಸಾಯತೊಡಗಿದವು. ಇನ್ನೊಂದು ವರ್ಷ ಹೀಗೇ ಆದರೆ ಹಟ್ಟಿ ಒಡೆದು ಜನ ದಿಕ್ಕಿಗೊಬ್ಬರಾಗಿ ಹೋಗಬೇಕಿತ್ತು.

ಗಾದ್ಯಪ್ಪನ ತಂಗಿಯ ಮಗಳು ಹುಲಿಗೆವ್ವ ಮುಳ್ಳುಹಂದಿಯ ಬಿಲ ಕಂಡದ್ದು ಆಗಲೇ ಎನ್ನುತ್ತಾರೆ. ನಮ್ಮ ಮನೆತನ ಆಕೆಯಿಂದ ಬಂದದ್ದು. ಮುಳ್ಳುಹಂದಿ ಒಳಗಿನ ಕಪ್ಪು ಮಣ್ಣನ್ನು ತೋಡಿ ಬಿಲದ ಬಾಯಿಗೆ ಚೆಲ್ಲಿತ್ತು. ಅಷ್ಟೇ ಜಾಗದಲ್ಲಿ ಹುಲ್ಲು ಎದ್ದಿತ್ತು. ಆಕೆ ಹಟ್ಟಿಗೆ ಬಂದು, ಗುಡ್ಡವನ್ನು ನಾವೇ ಬೋರಲು ಮಲಗಿಸಿದ್ದೇವೆ, ಮಗುಚಿ ಹಾಕೋಣ ಎಂದಳು.

“ಗೋರಿ ತೆಗೀತಾರೇನ, ಹುಚ್ಚಿ?” ಎಂದ ಗಾದ್ಯಪ್ಪ. “ತೆಗೆದಾಕಿಗೆ ನಾಳೆ ಮಣ್ಣು ಕೊಡಾಕ ಯಾರೂ ಬರಂಗಿಲ್ಲ.”

“ಸತ್ತೋರನ್ನ ಹೂಳ್ತಾರ. ಗುಡ್ಡ ಯಾವಾಗ ಸತ್ತಿತ್ತೋ ಮಾವ? ನೀ ನಾಡಿ ಹಿಡಿದು ನೋಡಿದ್ದೇನು?”

ಹೆಂಗಸರು ನಕ್ಕರು. ನಕ್ಕವರೇ ಮರುದಿನ ಹಾರೆ, ಬುಟ್ಟಿ ಹಿಡಿದು ಆಕೆಯ ಹಿಂದೆ ನಡೆದರು. ಕಲ್ಲು ಸರಿಸಿ, ಕಪ್ಪು ಮಣ್ಣು ಮೇಲೆತ್ತಿ, ಕಲ್ಲನ್ನು ಅದರಡಿಗೆ ತಳ್ಳಿ ಮೂಡಣ ಮೈಯನ್ನು ಪೂರ್ತಿ ಮಗುಚಲು ವರ್ಷಗಳೇ ಹಿಡಿದವು. ಮಗುಚಿದಷ್ಟು ಕಡೆ ಮೊದಲ ಮಳೆಗೇ ಹುಲ್ಲು ಬಂತು, ಹಟ್ಟಿ ಉಳಿಯಿತು, ಗುಡ್ಡಕ್ಕೆ ಬೋರಲಗುಡ್ಡವೆಂಬ ಹೆಸರೂ ನಿಂತಿತು. ಗಂಡಸರು ಅದೇ ಹುಲ್ಲಿನಲ್ಲಿ ಕುರಿ ಮೇಯಿಸಿದರು. ಪಡುವಣ ಮೈಗೆ ಮಾತ್ರ ಹಾರೆ ಮುಟ್ಟಿಸಲೂ ಇಲ್ಲ, ಮುಟ್ಟಿಸಗೊಡಲೂ ಇಲ್ಲ. ಈ ಹಟದ ವಿಷಯದಲ್ಲಿ ಮೂರು ಹಟ್ಟಿಗಳವರೂ ಒಂದೇ ಮಾತು ಹೇಳುತ್ತಾರೆ. ಹುಲಿಗೆವ್ವ ತೀರಿಕೊಂಡಾಗ ಒಬ್ಬ ಗಂಡಸೂ ಮಣ್ಣು ಕೊಡಲಿಲ್ಲ. ಜೊತೆಗೆ ಅಗೆದ ಹೆಂಗಸರೇ ಕೊಟ್ಟರು. ತನ್ನ ಮೇಲೆ ಕಲ್ಲು ಇಡಬಾರದೆಂದು ಆಕೆ ಹೇಳಿದ್ದಳು, ಅವರು ಇಡಲಿಲ್ಲ. ಎರಡು ಮೈಗಳು ಕೂಡುವ ತಪ್ಪಲಿನಲ್ಲಿ ದಟ್ಟವಾಗಿ ಬೆಳೆಯುತ್ತಿದ್ದ ಹುಲ್ಲೇ ಆಕೆಯನ್ನು ಮಣ್ಣು ಮಾಡಿದ ಜಾಗದ ಗುರುತಾಗಿತ್ತು.

ಗಣಿಯವರು ಗುಂಡಿ ತುಂಬುವಾಗ ನಾನು ಹೋಗಿ ನಿಂತಿದ್ದೆ. ಹತ್ತಿರವಿದ್ದದ್ದು ಮೇಲ್ಮಣ್ಣಿನ ರಾಶಿ, ಆದ್ದರಿಂದ ಟಿಪ್ಪರ್‌ಗಳು ಅದನ್ನೇ ಮೊದಲು ಸುರಿದವು, ಆಮೇಲೆ ಕಲ್ಲು. ಈ ಕಥೆಯನ್ನು ಇಂಜಿನಿಯರರಿಗೆ ಪೂರ್ತಿ ಹೇಳಿದೆ. “ನಕ್ಷೆ ಪ್ರಕಾರ ಎತ್ತರ ಸರಿಯಾಗೇ ಇದೆ, ಅಮ್ಮಾ. ಬಿಸಿಲಲ್ಲಿ ನಿಲ್ಲಬೇಡಿ,” ಎಂದು ನೀರಿನ ಬಾಟಲಿ ಕೈಗಿತ್ತರು. ಗಾದ್ಯಪ್ಪನಿಗೆ ಭಕ್ತಿಯಾದರೂ ಇತ್ತು. ಆ ಕಲ್ಲಿನಲ್ಲಿ ನೆಟ್ಟ ಸಸಿಗಳೆಲ್ಲ ಒಣಗಿ ಕಡ್ಡಿಯಾಗಿವೆ. ಫಲಕ ಗಾಳಿಗೆ ಬೀಳದಿರಲೆಂದು ಬುಡಕ್ಕೆ ಸಿಮೆಂಟಿನ ಕಟ್ಟೆ ಕಟ್ಟಿದ್ದಾರೆ. ತಪ್ಪಲಿನಲ್ಲಿ ಹಾರೆ ಸುಲಭವಾಗಿ ಇಳಿಯುವ ನೆಲ ಸಿಕ್ಕಿದ್ದು ಒಂದೇ ಕಡೆ, ಆ ದಟ್ಟ ಹುಲ್ಲಿದ್ದ ಕಡೆ.

‘ಹಸಿರುಗುಡ್ಡ’ ನೋಡಲು ಬಂದವರು ಆ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚುತ್ತಾರೆ. ಎದುರಿಗೆ ಗುಡ್ಡದ ಎರಡೂ ಮೈ ಕಾಣುತ್ತವೆ. “ಆ ಬೋಳು ಕಡೆ ಗಣಿಯವರು ಮುಚ್ಚಿದ್ದೇನಮ್ಮಾ?” ಎಂದು ಕೇಳುತ್ತಾರೆ. ಅದಲ್ಲ, ಅದು ಹಳೆಯದು, ಗಣಿಯವರದು ಅದರ ಪಕ್ಕದ್ದು ಎಂದು ಬೆರಳು ಮಾಡಿ ತೋರಿಸುತ್ತೇನೆ. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡುತ್ತಾರೆ. ಎಲ್ಲಿಂದ ಎಲ್ಲಿಗೆ ಯಾವುದೆಂದು ಅವರಿಗೆ ತಿಳಿಯುವುದಿಲ್ಲ.