ಬೆಸ್ತನ ಹೃದಯ

"ಸರ್, ಗಾಯವಾಗಿರುವುದು ಕಾಲಿಗೆ. ನಂಜು ರಕ್ತಕ್ಕೆ ಏರಿದೆ, ಅದು ಗೊತ್ತು. ಆದರೆ ಗಟ್ಟಿಮುಟ್ಟಾಗಿದ್ದ ಹೃದಯ ಎರಡೇ ದಿನದಲ್ಲಿ ಯಾಕೆ ಸೋತಿತು? ಇನ್ನು ಆಸೆ ಇಟ್ಟುಕೊಳ್ಳಬಹುದೇ?"

ಕೇಳಿದವಳು ದಾಕ್ಷಾಯಣಿ. ಅವಳು ವೈದ್ಯೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳ ರೋಗಿ ಪಕ್ಕದ ವಾರ್ಡಿನಲ್ಲಿ ಮಲಗಿದ್ದ. ಗುರು ಶಂಭುಲಿಂಗಯ್ಯ ಅವಳನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಬೆಸ್ತನಿದ್ದ. ಬಲೆ ಬಿಡಿಸುವಾಗ ಮೀನಿನ ಮುಳ್ಳು ಅವನ ಅಂಗೈಗೆ ಚುಚ್ಚಿತು. ಅವನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಾಲ್ಕನೆಯ ದಿನ ಚಳಿಜ್ವರ ಬಂದು ಎಚ್ಚರ ತಪ್ಪಿತು. ಹೆಂಡತಿ ಆಸ್ಪತ್ರೆಗೆ ಕರೆತಂದಳು. ಅಲ್ಲಿನ ವೈದ್ಯ ನಂಜಿಗೆ ಔಷಧಿ ಕೊಟ್ಟ, ಕೈಗೆ ಪಟ್ಟಿ ಕಟ್ಟಿಸಿದ. ಆದರೂ ಕುಸಿದಿದ್ದ ರಕ್ತದ ಒತ್ತಡ ಏರಲಿಲ್ಲ. ಸ್ಕ್ಯಾನ್ ಮಾಡಿದರೆ ಹೃದಯ ಅರ್ಧ ಬಲದಲ್ಲಿ ಬಡಿಯುತ್ತಿತ್ತು. ರಕ್ತನಾಳ ಎಲ್ಲೂ ಕಟ್ಟಿಕೊಂಡಿರಲಿಲ್ಲ. ವೈದ್ಯ ಹೃದಯವನ್ನು ಚುರುಕುಗೊಳಿಸುವ ಔಷಧಿಯನ್ನು ಏರಿಸುತ್ತಲೇ ಹೋದ. ಬಡಿತ ಓಡಿತು, ಬಲ ಬರಲಿಲ್ಲ.

ಬೆಸ್ತನ ಹೆಂಡತಿ ಬಾಗಿಲಲ್ಲಿ ವೈದ್ಯನನ್ನು ತಡೆದಳು. "ಮುಳ್ಳು ಚುಚ್ಚಿದ್ದು ಕೈಗಲ್ಲವೇ ಡಾಕ್ಟರೇ? ಎದೆಗೇನಾಯಿತು?"

"ನಂಜಿನ ಜೊತೆ ಮೈ ಹೋರಾಡುತ್ತಿದೆಯಮ್ಮ. ಅದರ ಬಿಸಿ ಹೃದಯದ ಒಂದೊಂದು ಜೀವಕೋಶಕ್ಕೂ ತಟ್ಟಿದೆ. ಕೋಶದೊಳಗೆ ಶಕ್ತಿ ಹುಟ್ಟುವ ಜಾಗಗಳು ಮಂಕಾಗಿವೆ. ಸ್ನಾಯು ಬಿಗಿಯಲು ಬೇಕಾದ ಕ್ಯಾಲ್ಸಿಯಂ ಹೊತ್ತಿಗೆ ಸರಿಯಾಗಿ ಬಂದು ಹೋಗುತ್ತಿಲ್ಲ. ಇರುವಷ್ಟು ಶಕ್ತಿಯಲ್ಲಿ ಉಳಿದುಕೊಳ್ಳಲು ಕೋಶಗಳು ಕೆಲಸ ತಗ್ಗಿಸಿವೆ."

"ಹಾಗಾದರೆ ಸತ್ತಿಲ್ಲ ಅನ್ನಿ."

ವೈದ್ಯ ನಿಂತಲ್ಲೇ ನಿಂತ. ಹೌದು, ಕೋಶಗಳು ಸತ್ತಿರಲಿಲ್ಲ. ಔಷಧಿ ಕೊಟ್ಟರೂ ಚೇತರಿಸಿಕೊಳ್ಳುತ್ತಿಲ್ಲವೆಂದರೆ, ಅವನ್ನು ಕಂಗೆಡಿಸುವ ನಂಜು ಇನ್ನೂ ಎಲ್ಲಿಂದಲೋ ಬರುತ್ತಿರಬೇಕು. ಒಳಗೆ ಹೋಗಿ ಬೆಸ್ತನ ಕೈಯ ಪಟ್ಟಿ ಬಿಚ್ಚಿದ. ಮೇಲೆ ಚರ್ಮ ಕೂಡಿಕೊಂಡಿತ್ತು. ಒತ್ತಿದರೆ ಒಳಗೆ ಮೆತ್ತಗಿತ್ತು. ಕೊಯ್ದಾಗ ಕೀವು ಹರಿಯಿತು, ಅದರ ಜೊತೆ ಮುರಿದ ಮುಳ್ಳಿನ ತುದಿಯೂ ಬಂತು.

ಮೂರು ದಿನಕ್ಕೆ ರಕ್ತದ ಒತ್ತಡ ಏರಿತು, ಹೃದಯದ ಔಷಧಿ ಇಳಿಯಿತು. ಹತ್ತನೆಯ ದಿನ ಹೃದಯ ಮೊದಲಿನ ಹಾಗೆ ಬಡಿಯುತ್ತಿತ್ತು. ಬೆಸ್ತ ಗಂಜಿಯ ಬಟ್ಟಲನ್ನು ಸರಿಸಿ, ಮೀನುಸಾರು ಇಲ್ಲವೇ ಎಂದು ಗದರಿದ. ಹೆಂಡತಿ ಅವನನ್ನು ಬಾಯಿತುಂಬ ಬೈದಳು. ಬೈಯುತ್ತ ಬೈಯುತ್ತಲೇ ಅತ್ತುಬಿಟ್ಟಳು.

ಕತೆ ಕೇಳಿ ದಾಕ್ಷಾಯಣಿ ಎದ್ದು ನಿಂತಳು.

"ಹಾಗಾದರೆ ನನ್ನ ರೋಗಿಯ ಹೃದಯಕ್ಕೂ ಬಲ ಮರಳಬಹುದು ಸರ್," ಎಂದಳು.

ಗುರು ಕೇಳಿದರು: "ಅವನ ಕಾಲಿನ ಪಟ್ಟಿ ಬಿಚ್ಚಿ ನೋಡಿ ಎಷ್ಟು ದಿನವಾಯಿತು?"