ಮೇಣ ಮೆತ್ತಿದ ಹೂವು

ಕಣಗಲಾಪುರ ಅನ್ನುವ ರಾಜ್ಯದಲ್ಲಿ ತಿಪ್ಪನಾಯಕ ಎಂಬ ದೊರೆ ಇದ್ದ. ಬಹಳ ದೈವಭಕ್ತ, ಮಕ್ಕಳೇ. ಕೆರೆಯಮ್ಮನನ್ನು ಕೇಳದೆ ಒಂದು ಕೆಲಸವನ್ನೂ ಮಾಡುತ್ತಿರಲಿಲ್ಲ. ಮಾಡುವುದೆಂದು ಮೊದಲೇ ನಿಶ್ಚಯಿಸಿಕೊಂಡು ಆಮೇಲೆ ಕೇಳುತ್ತಿದ್ದ, ಅಷ್ಟೆ.

ಕೇಳುವ ಕ್ರಮ ಹೀಗೆ. ಅಮ್ಮನ ತಲೆಯ ಎರಡೂ ಬದಿಗೆ ಹೂವಿಟ್ಟು ಕೈಮುಗಿದು ನಿಲ್ಲಬೇಕು. ಬಲಗಡೆಯ ಹೂ ಬಿದ್ದರೆ ಆಗಲಿ ಅಂತ. ಎಡಗಡೆಯದು ಬಿದ್ದರೆ ಬೇಡ ಅಂತ.

ಒಂದು ದಿನ ದೊರೆಯ ಕಣ್ಣು ಕೆರೆಯ ಕೋಡಿಯ ಮೇಲೆ ಬಿತ್ತು. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹರಿದುಹೋಗುವ ದಾರಿ ಅದು. ಏಳು ವರ್ಷದಿಂದ ಕೆರೆ ತುಂಬಿರಲಿಲ್ಲ. ಕೋಡಿಯಲ್ಲಿ ಹಸಿರು ಹುಲ್ಲು ಬೆಳೆದು ಚೆಂದವಾಗಿತ್ತು.

"ಇದನ್ನು ಮುಚ್ಚಿಸಿ ಇಲ್ಲೇ ಅರಮನೆ ಕಟ್ಟಿಸೋಣ" ಅಂದ ದೊರೆ.

ಅಮ್ಮನನ್ನು ಕೇಳಿದರು. ಎಡಗಡೆಯ ಹೂ ಬಿತ್ತು.

"ಗಾಳಿ ಬೀಸಿತು, ಮಹಾಪ್ರಭು" ಅಂದ ಮಂತ್ರಿ.

ಬಾಗಿಲು ಹಾಕಿ ಎರಡನೆಯ ಸಲ ಕೇಳಿದರು. ಎಡಗಡೆಯದೇ ಬಿತ್ತು.

"ಹೂವು ಬಾಡಿತ್ತು, ಮಹಾಪ್ರಭು."

ಆಗತಾನೆ ಬಿಡಿಸಿದ ಹೂವಿಟ್ಟು ಮೂರನೆಯ ಸಲ ಕೇಳಿದರು. ಮತ್ತೆ ಎಡಗಡೆಯದೇ!

"ಅಮ್ಮನಿಗೂ ವಯಸ್ಸಾಯಿತಲ್ಲ" ಅಂದ ಮಂತ್ರಿ. "ಎಡ ಬಲ ಮರೆತಿರಬೇಕು."

"ಪಾಪ, ನಾವೇ ಸ್ವಲ್ಪ ನೆರವಾಗೋಣ" ಅಂದ ದೊರೆ.

ನಾಲ್ಕನೆಯ ಸಲ ಮಂತ್ರಿ ಎಡಗಡೆಯ ಹೂವಿಗೆ ಜೇನುಮೇಣ ಮೆತ್ತಿದ. ಬಲಗಡೆಯದು ಬಿತ್ತು. ದೊರೆ ಉದ್ದಂಡ ನಮಸ್ಕಾರ ಹಾಕಿ, "ತಾಯೀ, ನಿನ್ನ ಮಾತು ಮೀರುವವನೇ ನಾನು?" ಅಂದ. ಕಣ್ಣಲ್ಲಿ ನೀರು ಕೂಡ ಬಂತು. ಮಾರನೆಯ ದಿನವೇ ಕಲ್ಲು ಮಣ್ಣು ತುಂಬಿಸಿ ಕೋಡಿ ಮುಚ್ಚಿಸಿದ.

ಅಮ್ಮನ ಗುಡಿಯನ್ನು ಗುಡಿಸಿ ಸಾರಿಸುವವಳು ಸಣ್ಣೀರವ್ವ. ಕೆರೆ ಏರಿಯ ಕೆಳಗಿನ ಕುಂಬಾರಗೇರಿಯಲ್ಲಿ ಅವಳ ಮನೆ. ಅವಳು ದೊರೆಯ ಮುಂದೆ ಹೋಗಿ ನಿಂತಳು.

"ಬುದ್ಧೀ, ಕೋಡಿ ಮುಚ್ಚಿದ ಮೇಲೆ ಮಳೆಗೆ ಏರಿ ಒಡೀತದೆ. ನಮ್ಮ ಕೇರಿಯ ಮೂವತ್ತು ಮನೆ ಕೊಚ್ಚಿಹೋಗ್ತವೆ. ನನ್ನ ಮೊಮ್ಮಕ್ಕಳು ಅಲ್ಲೇ ಆಡ್ಕೊಂಡಿರ್ತವೆ."

"ಏನವ್ವಾ, ಅಮ್ಮನಿಗಿಂತ ನೀನು ತಿಳಿದವಳೋ?"

ಸಣ್ಣೀರವ್ವ ಗುಡಿಗೆ ಬಂದಳು. ಅಮ್ಮನ ಮೈಮೇಲಿನ ಬಾಡಿದ ಹೂಗಳನ್ನು ತೆಗೆಯತೊಡಗಿದಳು. ಎಡಗಡೆಯದು ಬರಲಿಲ್ಲ. ಉಗುರಿನಿಂದ ಕೆರೆದು ಮೂಸಿ ನೋಡಿದಳು. ಮೇಣ! ಯಾರಿಗೂ ಹೇಳಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಯೋಚನೆ ಮಾಡಿದಳು.

ಮಳೆ ಶುರುವಾಯಿತು. ಕೆರೆಯ ನೀರು ದಿನಕ್ಕೆ ಒಂದೊಂದು ಗೇಣು ಏರಿತು. ಅರಮನೆಗೆ ಪಾಯ ಹಾಕುವ ದಿನ ಊರೆಲ್ಲ ಗುಡಿಯಲ್ಲಿ ಸೇರಿತು. ಮಂತ್ರಿ ಮತ್ತೆ ಮೇಣ ಮೆತ್ತಿದ್ದ. ದೊರೆ ಕೇಳಿದ. ಬಲಗಡೆಯ ಹೂ ಬಿತ್ತು. ಡೋಲು ಬಾರಿಸಿದರು.

ಸಣ್ಣೀರವ್ವ ಮುಂದೆ ಬಂದಳು. "ಬುದ್ಧೀ, ಅಮ್ಮ ಇವತ್ತು ಕೇಳಿದ್ದಕ್ಕೆಲ್ಲ ಹೂಂ ಅಂತಿದ್ದಾಳೆ. ನಾನೂ ಒಂದು ಕೇಳ್ಲಾ?"

ಅಷ್ಟು ಜನರ ಮುಂದೆ ದೊರೆ ಬೇಡ ಅನ್ನಲಾರದೆ ಹೋದ. ಅವಳು ಬಲಗಡೆಗೆ ಹೊಸ ಹೂವಿಟ್ಟಳು. ಎಡಗಡೆಯದನ್ನು ಮುಟ್ಟಲಿಲ್ಲ.

"ಅಮ್ಮಾ, ನಮ್ಮ ದೊರೆ ತಾವೇ ಹಾರೆ ಹಿಡಿದು ಕೋಡಿ ಬಿಡಿಸಬೇಕಾ?"

ಬಲಗಡೆಯ ಹೂ ಪಟ್ಟನೆ ಬಿತ್ತು.

"ಇದು ನಡೆಯಲ್ಲ!" ಎಂದು ದೊರೆ ಕೂಗಿದ.

"ಯಾಕೆ ಬುದ್ಧೀ? ಗಾಳಿಯಾ?"

"ಗಾಳಿಯಲ್ಲ ಮೂದೇವಿ! ಎಡಗಡೆಯ ಹೂವಿಗೆ ಮೇಣ ಮೆತ್ತಿದೆ, ಅದು ಬೀಳೋದಾದರೂ ಹೇಗೆ?"

ಡೋಲು ನಿಂತಿತು. ಜನ ದೊರೆಯನ್ನು ನೋಡಿದರು. ದೊರೆ ಮಂತ್ರಿಯನ್ನು ನೋಡಿದ. ಮಂತ್ರಿ ತನ್ನ ಕಾಲಿನ ಹೆಬ್ಬೆರಳು ನೋಡಿಕೊಂಡ. ಕುಂಬಾರರು ಒಂದು ಹಾರೆ ತಂದು ದೊರೆಯ ಕೈಗಿಟ್ಟರು, ಬಹಳ ಮರ್ಯಾದೆಯಿಂದ. ಮಂತ್ರಿಗೆ ಮಣ್ಣು ಹೊರುವ ಮಂಕರಿ ಕೊಟ್ಟರು.

ಕೋಡಿ ಬಿಡಿಸಿದ ಮೂರನೆಯ ದಿನ ಕೆರೆ ತುಂಬಿತು. ದೊರೆ ಮಲಗುವ ಕೋಣೆಗೆಂದು ಗೂಟ ಹೊಡೆಸಿದ್ದ ಜಾಗದಲ್ಲಿ ಎರಡಾಳು ನೀರು ಭೋರ್ಗರೆದು ಹರಿಯಿತು. ಕುಂಬಾರಗೇರಿಯ ಒಂದು ಮಡಕೆಯೂ ಅಲುಗಲಿಲ್ಲ.

ಏರಿಯ ಮೇಲೆ ನಿಂತು ದೊರೆ ಕೇಳಿದ, "ಅಮ್ಮ ಇದನ್ನು ಮೊದಲೇ ಬಿಡಿಸಿ ಹೇಳಬಾರದಿತ್ತೇ?"

"ಮೂರು ಸಲ ಹೇಳಿದಳಲ್ಲ ಬುದ್ಧೀ" ಅಂದಳು ಸಣ್ಣೀರವ್ವ. "ಕಾಯೋಳು ಅವಳು. ಬೇಡ ಅಂದಿದ್ದೂ ಕಾಯೋದಕ್ಕೇ."

ನೋಡಿ ಮಕ್ಕಳೇ, ನಮ್ಮ ಕಣ್ಣಿಗೆ ಕಾಣುವುದು ಇವತ್ತಿನ ಹುಲ್ಲು ಮಾತ್ರ. ಬರುವ ನೀರು ದೇವರಿಗೆ ಗೊತ್ತು. ಆದ್ದರಿಂದ ದೇವರು ತಡೆದರೆ ನಿಲ್ಲಬೇಕು, ಗದರಿಸಿದರೆ ತಿದ್ದಿಕೊಳ್ಳಬೇಕು. ಹೂಂ ಅನ್ನುವ ತನಕ ಕೇಳುತ್ತಲೇ ಇರುವುದಕ್ಕೆ ಭಕ್ತಿ ಅನ್ನುವುದಿಲ್ಲ.