ಗಂಟಲಲ್ಲಿ ನಿಂತ ಮಾತು

ಮಲಪ್ರಭೆಯ ದಂಡೆಯ ಮೇಲೆ ನಿರ್ವಾಣಯ್ಯ ಎಂಬ ಗುರುಗಳ ಆಶ್ರಮವಿತ್ತು. ಅಲ್ಲಿ ಗದಿಗೆಪ್ಪ ಎಂಬ ಶಿಷ್ಯನಿದ್ದ. ಹುಟ್ಟಿನಿಂದಲೂ ಅವನಿಗೆ ಮಾತು ತೊದಲುತ್ತಿತ್ತು.

ದಿನಾ ಸಂಜೆ ಒಬ್ಬ ಶಿಷ್ಯ ಎದ್ದು ನಿಂತು, ತನಗೆ ತಿಳಿದದ್ದನ್ನು ಎಲ್ಲರ ಮುಂದೆ ಹೇಳಬೇಕಿತ್ತು. ಅಂದು ಗದಿಗೆಪ್ಪನ ಸರದಿ.

"ಮ... ಮ... ಮನ..."

ಪಕ್ಕದಲ್ಲಿ ಕೂತಿದ್ದ ಶಿಷ್ಯ ಈರಣ್ಣನಿಗೆ ಅದನ್ನು ನೋಡಲಾಗಲಿಲ್ಲ. ಅವನು ಮಾತಿನಲ್ಲಿ ಬಲು ಜಾಣ. "ಮನಸ್ಸು ಅಂತಿದ್ದಾನೆ, ಗುರುಗಳೇ" ಎಂದುಬಿಟ್ಟ.

"ಅದು ನಿನ್ನ ಮಾತಲ್ಲ ಈರಣ್ಣ. ಬಿಡು, ಅವನೇ ಹೇಳಲಿ" ಎಂದರು ಗುರುಗಳು.

ಎಲ್ಲರೂ ಕಾದರು. ಒಳಗೆ ಅನ್ನ ಆರಿತು. ಗದಿಗೆಪ್ಪನ ಬೆನ್ನು ಬೆವರಿನಿಂದ ತೊಯ್ದುಹೋಯಿತು. ಕೊನೆಗೆ ಅಂತೂ ಮಾತು ಹೊರಗೆ ಬಂತು.

ಬೆಳಗಾಗುತ್ತಲೇ ಅವನು ಗುರುಗಳ ಮುಂದೆ ಬಂದು ನಿಂತ.

"ಅಂಗಳ ಗು... ಗುಡಿಸುತ್ತೇನೆ. ನೀರೆಲ್ಲ ನಾನೇ ಹೊರುತ್ತೇನೆ. ಸಂಜೆ ಮಾತಾಡುವುದೊಂದನ್ನು ಬಿಡಿಸಿ."

"ನೀರು ಹೊರುವುದು ನಿನಗೆ ಕಷ್ಟವೇ?"

"ಇಲ್ಲ."

"ಹಾಗಾದರೆ ಅದನ್ನು ಕೊಟ್ಟು ಇದನ್ನು ತಪ್ಪಿಸಿಕೊಳ್ಳಲು ನೋಡಬೇಡ. ಇರಲಾಗದಿದ್ದರೆ ಹೋಗು, ನಾನು ತಡೆಯುವುದಿಲ್ಲ. ಆದರೆ ಇಲ್ಲಿ ಇದ್ದರೆ ನಿನ್ನ ಸರದಿ ಬಂದೇ ಬರುತ್ತದೆ."

ಗದಿಗೆಪ್ಪನಿಗೆ ಸಿಟ್ಟು ಬಂತು. ಗಂಟು ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಕೊನೆಗೆ ಹೋಗಲಿಲ್ಲ.

ಮಳೆಗಾಲ ಕಳೆಯಿತು, ಚಳಿ ಬಂತು. ತೊದಲು ಹೋಗಲಿಲ್ಲ. ಆದರೆ ಮೊದಲು ನೆಲ ನೋಡುತ್ತ ನಿಲ್ಲುತ್ತಿದ್ದವನು ಈಗ ಎದುರಿದ್ದವರ ಮುಖ ನೋಡತೊಡಗಿದ. ಮಾತು ಸಿಕ್ಕಿಕೊಂಡರೆ ಗಾಬರಿಯಾಗುತ್ತಿರಲಿಲ್ಲ. ಬರುತ್ತದೆ, ಬರಲಿ ಎಂದು ನಿಲ್ಲುತ್ತಿದ್ದ.

ಒಂದು ದಿನ ನೀಲವ್ವ ಎಂಬ ಹೆಂಗಸನ್ನು ಅವಳ ಅಣ್ಣ ಆಶ್ರಮಕ್ಕೆ ಕರೆತಂದ. ಜ್ವರ ಬಂದು ಮಗಳು ತೀರಿಕೊಂಡಿದ್ದಳು. ಅಂದಿನಿಂದ ನೀಲವ್ವ ಬಾಯಿ ತೆರೆದಿರಲಿಲ್ಲ.

ಒಬ್ಬ ಶಿಷ್ಯ ಆತ್ಮಕ್ಕೆ ಸಾವಿಲ್ಲವೆಂದ. ಈರಣ್ಣ ಅವಳೆದುರು ಕೂತು, "ಅತ್ತುಬಿಡಿ ತಾಯಿ, ಹಗುರಾಗುತ್ತದೆ" ಎಂದು ಎಷ್ಟೋ ಹೇಳಿದ. ಅವಳು ಸೆರಗು ಬಿಗಿಹಿಡಿದು ಕೂತೇ ಇದ್ದಳು.

"ಗದಿಗೆಪ್ಪ, ಅವರ ಹತ್ತಿರ ಕೂತಿರು" ಎಂದರು ಗುರುಗಳು.

ಇಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕೂತರು. ಬಹಳ ಹೊತ್ತಿನ ಮೇಲೆ ನೀಲವ್ವನ ತುಟಿ ಅಲುಗಿತು, ನಿಂತಿತು.

ಗದಿಗೆಪ್ಪನಿಗೆ ಗೊತ್ತಾಯಿತು. ಮಾತು ಗಂಟಲವರೆಗೆ ಬಂದು ನಿಂತಿದೆ. ಅವನು ಅವಳ ಪರವಾಗಿ ಏನನ್ನೂ ಹೇಳಲಿಲ್ಲ. ಮುಖವನ್ನೂ ತಿರುಗಿಸಲಿಲ್ಲ. ಮೆಟ್ಟಿಲ ಮೇಲಿನ ನೆರಳು ನೀರಿಗಿಳಿಯಿತು.

"ಆಕೀಗೆ..." ಎಂದಳು ನೀಲವ್ವ. "ಆಕೀಗೆ ಹುಣಸೆಹಣ್ಣಂದ್ರ ಜೀವ."

ಅವನು ತಲೆಯಾಡಿಸಿದ.

"ಕದ್ದು ತಿಂತಿದ್ಲು. ಕೇಳಿದ್ರ, ಬೆಕ್ಕು ತಿಂತು ಅಂತಿದ್ಲು."

ಅಷ್ಟು ಹೇಳಿ ನೀಲವ್ವ ಅತ್ತಳು. ಅಳುತ್ತಲೇ ಮಗಳ ಇನ್ನೊಂದು ತುಂಟತನ ಹೇಳಿದಳು, ನಡುವೆ ಒಮ್ಮೆ ನಕ್ಕಳು ಕೂಡ. ಆಮೇಲೆ ಒಳಗೆ ಬಂದು ಎಲ್ಲರೊಂದಿಗೆ ಕೂತು ಉಂಡಳು. ಹೊರಡುವಾಗ ಗದಿಗೆಪ್ಪನ ತಲೆ ಸವರಿ, "ನಿನ್ನ ಹೊಟ್ಟಿ ತಣ್ಣಗಿರಲಿ, ತಮ್ಮಾ" ಎಂದಳು.

ಅವಳನ್ನು ಕಳಿಸಿ ಬಂದಾಗ ಗುರುಗಳು ಆಕಳಿಗೆ ಹುಲ್ಲು ಹಾಕುತ್ತಿದ್ದರು.

"ಗು... ಗುರುಗಳೇ, ನಾನು ಏನೂ ಹೇಳಲೇ ಇಲ್ಲ."

"ನೋಡಿದೆ."

"ಈರಣ್ಣ ಎಷ್ಟು ಚೆನ್ನಾಗಿ ಮಾತಾಡುತ್ತಾನೆ! ಅವನಿಂದ ಯಾಕೆ ಆಗಲಿಲ್ಲ?"

"ಮಾತು ಬಾರದೆ ಒದ್ದಾಡುವುದು ಏನೆಂದು ಅವನಿಗೆ ಗೊತ್ತಿಲ್ಲ, ಪಾಪ."

ಗದಿಗೆಪ್ಪನಿಗೆ ನಗು ಬಂತು. ಆಕಳ ಕೊರಳು ತುರಿಸುತ್ತ ಕೇಳಿದ: "ಈ ತೊದಲು ಎಂದಾದರೂ ಹೋ... ಹೋಗುತ್ತದೆಯೇ?"

"ಹೋದರೆ ಹೋಗಲಿ, ಇದ್ದರೆ ಇರಲಿ" ಎಂದರು ಗುರುಗಳು. "ಇನ್ನು ಮುಂದೆ ನೀಲವ್ವನಂಥವರು ಬಂದಾಗ ಈರಣ್ಣನನ್ನೂ ನಿನ್ನ ಜೊತೆ ಕೂರಿಸುತ್ತೇನೆ. ಸುಮ್ಮನೆ ಕಾಯುವುದು ಅವನಿಗೆ ಬಹಳ ಕಷ್ಟವಾಗುತ್ತದೆ. ಬಿಡಿಸೆಂದು ನಿನ್ನ ಕಾಲಿಗೆ ಬಿದ್ದರೂ ಬಿಡಿಸಬೇಡ."